ಮರಂಗುವಿನ ಆ ಮನೆಯಲ್ಲಿ ನಾನು ಬದುಕಿದ್ದು ಹೀಗೆ

ತಾಂಜಾನಿಯಾದ ಕಿಲಿಮಂಜಾರೋ ಬೆಟ್ಟದ ಆಗ್ನೇಯ ತಪ್ಪಲಲ್ಲಿ ಮರಂಗು ಅಂತ ಒಂದು ಊರಿದೆ. ಬೆಟ್ಟ ಹತ್ತುವವರಿಗೆ ಆ ಹೆಸರು ಚೆನ್ನಾಗಿ ಗೊತ್ತು. 5,895 ಮೀಟರ್ ಎತ್ತರದ ಶಿಖರಕ್ಕೆ ಹೋಗುವ ಹಳೆಯ ದಾರಿಯೊಂದು ಶುರುವಾಗುವುದು ಅಲ್ಲಿಂದ. ನಾನು ಹೋಗಿದ್ದು ಅಲ್ಲಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡಲು. ಸ್ವಯಂಸೇವಕರ ಕಾರ್ಯಕ್ರಮ, ಹೆಚ್ಚುಕಡಿಮೆ ಒಂದು ವರ್ಷದ ಅವಧಿ. ಉಳಿದುಕೊಳ್ಳಲು ಕ್ವಾರ್ಟರ್ಸ್ ಇರಲಿಲ್ಲ. ಚಗ್ಗಾ ಅಂದರೆ ಆ ತಪ್ಪಲಿನ ಜನ. ಊರಿನ ಒಂದು ಚಗ್ಗಾ ಕುಟುಂಬದ ಜೊತೆ ಇರಬೇಕು, ನಮ್ಮನ್ನು ಕಳಿಸಿದವರು ಆ ಮನೆಗೆ ತಿಂಗಳಿಗಿಷ್ಟು ಅಂತ ಕೊಡುತ್ತಾರೆ, ಊಟ ವಸತಿ ಅದರಲ್ಲೇ.

ವಾಪಸ್ ಬಂದಮೇಲೆ ಸಿಕ್ಕವರೆಲ್ಲ ಕೇಳುವುದು ಒಂದೇ: ಊಟಕ್ಕೇನು ಮಾಡಿದೆ? ಅದಕ್ಕೂ ಉತ್ತರ ಹೇಳುತ್ತೇನೆ. ಆದರೆ ನಮ್ಮ ಕಡೆಯಿಂದ, ನಮ್ಮಂಥ ಮನೆಗಳಿಂದ ಹೋಗುವವರು ಅದಕ್ಕಿಂತ ಮೊದಲು ಯೋಚಿಸಬೇಕಾದ ವಿಷಯ ಇನ್ನೊಂದಿದೆ. ತಟ್ಟೆಯಲ್ಲಿ ಏನು ಬೀಳುತ್ತದೆ ಅನ್ನುವುದಲ್ಲ, ತಟ್ಟೆ ಯಾರದು ಅನ್ನುವುದು.

ಮೊದಲು ಮನೆ ಹೇಗಿತ್ತು ಅಂತ ಹೇಳಬೇಕು. ಮೋಶಿ ಪಟ್ಟಣದಿಂದ ಹಿಮೋವರೆಗೆ ಬಂದು, ಅಲ್ಲಿ ಮುಖ್ಯ ರಸ್ತೆ ಬಿಟ್ಟು ಬೆಟ್ಟದ ಕಡೆ ತಿರುಗಿದರೆ ಮರಂಗು. ಒಟ್ಟು ಸುಮಾರು 40 ಕಿಲೋಮೀಟರ್. ಕೆಳಗೆ ಮೋಶಿಯಲ್ಲಿ ಸೆಖೆ, ಮೇಲೆ ಬರುತ್ತಾ ಬರುತ್ತಾ ಬಾಳೆತೋಟ, ಚಳಿ. ಚಗ್ಗಾ ಜನ ತಮ್ಮ ಮನೆ-ತೋಟಕ್ಕೆ ಕಿಹಾಂಬಾ ಅನ್ನುತ್ತಾರೆ. ಮೇಲೆ ದೊಡ್ಡ ಮರಗಳು, ಅವುಗಳ ಕೆಳಗೆ ಬಾಳೆ, ಬಾಳೆಯ ನೆರಳಲ್ಲಿ ಕಾಫಿ, ಕಾಫಿಯ ಬುಡದಲ್ಲಿ ಕೆಸು, ಬೀನ್ಸ್. ಮಧ್ಯದಲ್ಲಿ ಮನೆ. ಹಸುಗಳನ್ನು ಮೇಯಲು ಬಿಡುವುದಿಲ್ಲ, ಕೊಟ್ಟಿಗೆಯಲ್ಲೇ ಕಟ್ಟಿ ಹುಲ್ಲು, ಬಾಳೆದಿಂಡು ಹಾಕುತ್ತಾರೆ. ಗೊಬ್ಬರ ಪೂರ್ತಿ ಬಾಳೆಗೆ. ಬೆಟ್ಟದ ತೊರೆಗಳಿಂದ ತೋಟಕ್ಕೆ ನೀರು ತರುವ ಕಾಲುವೆಗಳನ್ನು ಇವರ ಹಿರಿಯರು ಕೈಯಲ್ಲೇ ತೋಡಿದ್ದಾರೆ. ತೋಟದ ಒಂದು ಮೂಲೆಯಲ್ಲಿ ಅಜ್ಜನ ಸಮಾಧಿ, ಟೈಲ್ಸ್ ಹಾಕಿದ್ದು. ಮಕ್ಕಳು ಸಂಜೆ ಅದರ ಮೇಲೆ ಕೂತು ಪಾಠ ಓದುತ್ತಿದ್ದರು.

ಮನೆಯಲ್ಲಿ ಅಜ್ಜಿ, ಅಪ್ಪ, ಅಮ್ಮ, ಹೈಸ್ಕೂಲಿನ ಮೊದಲ ವರ್ಷಕ್ಕೆ ಆಗತಾನೇ ಸೇರಿದ ಮಗ, ಪ್ರೈಮರಿಯ ಒಬ್ಬಳು ಪುಟ್ಟ ಮಗಳು, ಮತ್ತೆ ಅಮ್ಮನ ಅಕ್ಕನ ಮಗಳೊಬ್ಬಳು. ಹಿರಿಮಗಳು ದೇಶದ ದೊಡ್ಡ ನಗರ ದಾರ್ ಎಸ್ ಸಲಾಮ್‌ನಲ್ಲಿ ಕೆಲಸದಲ್ಲಿದ್ದಳು. ಊರವರು ಅಮ್ಮನನ್ನು ಅವರ ಸ್ವಂತ ಹೆಸರಿನಿಂದ ಕರೆಯುವುದಿಲ್ಲ. ಹಿರಿಮಗಳ ಹೆಸರು ಹೇಳಿ ಇಂಥವಳ ತಾಯಿ ಅನ್ನುತ್ತಾರೆ. ನಾನು ಅಮ್ಮ ಅಂತಲೇ ಕರೆಯುತ್ತಿದ್ದೆ, ಇಲ್ಲೂ ಹಾಗೇ ಬರೆಯುತ್ತೇನೆ.

ಅಪ್ಪ ಬೆಟ್ಟದ ಅಡುಗೆಯವರು. ಪ್ರವಾಸಿಗಳ ತಂಡದ ಜೊತೆ ಹೋಗಿ ಐದಾರು ದಿನ ಮೇಲೆ ಇದ್ದು, ಸೀಮೆಎಣ್ಣೆ ಇಲ್ಲವೇ ಗ್ಯಾಸ್ ಒಲೆಯಲ್ಲಿ ಅಷ್ಟೂ ಜನಕ್ಕೆ ಬೇಯಿಸಿ ಹಾಕುವ ಕೆಲಸ. ಇದು ನನ್ನ ಪುಣ್ಯ. ಏಕೆಂದರೆ ಚಗ್ಗಾ ಮನೆಯಲ್ಲಿ ನೆಂಟರಿಗೆ ಮಾಂಸ ಬಡಿಸುವುದೇ ಮರ್ಯಾದೆ, ಬೇಡ ಅನ್ನುವುದು ಅವಮಾನ ಮಾಡಿದ ಹಾಗೆ. ನಮ್ಮದು ಮಾಂಸ ತಿನ್ನದ ಮನೆ. ಅವರು ನನಗಾಗಿ ಕೋಳಿ ಕೊಯ್ಯುವ ಮೊದಲೇ, ಅಂದರೆ ಬ್ಯಾಗ್ ಇಳಿಸಿ ಕೂತ ಕೂಡಲೇ ನಾನು ವಿಷಯ ಹೇಳಿಬಿಟ್ಟೆ. ಅಮ್ಮನ ಮುಖದಲ್ಲಿ ಗಾಬರಿ. ಕಾಯಿಲೆಯಾ ಅಂತ ಕೇಳಿದರು. ಅಪ್ಪ ನಡುವೆ ಬಂದು, ಬೆಟ್ಟಕ್ಕೆ ಬರುವವರಲ್ಲಿ ಇಂಥವರು ಬೇಕಾದಷ್ಟು ಇದ್ದಾರೆ, ಹಾಲು ಮೊಸರು ಆಗುತ್ತೆ, ಮೊಟ್ಟೆ ಕೇಳಬೇಕು, ಸಾರಿಗೆ ಮಾಂಸದ ನೀರು ಹಾಕಬಾರದು ಅಂತ ನನಗಿಂತ ಚೆನ್ನಾಗಿ ವಿವರಿಸಿದರು. ಬೇರೆಯವರಿಗೆ ಇಂಥ ಅಪ್ಪ ಸಿಗಲಿಕ್ಕಿಲ್ಲ. ಆದರೆ ಮೊದಲ ಊಟಕ್ಕೆ ಮುಂಚೆ ಹೇಳುವುದು ಮಾತ್ರ ಎಲ್ಲರಿಂದಲೂ ಆಗುವ ಕೆಲಸ. ಬಡಿಸಿದ ಮೇಲೆ ಬೇಡ ಅಂದರೆ ಅದು ಅಡುಗೆಯನ್ನೇ ಬೇಡ ಅಂದಂತೆ ಕೇಳುತ್ತದೆ.

ಆಮೇಲೆ ನೋಡಿದರೆ ಆ ಮನೆಯ ದಿನನಿತ್ಯದ ಊಟದಲ್ಲಿ ಮಾಂಸ ಅಪರೂಪವೇ. ಜೋಳದ ಹಿಟ್ಟಿನ ಉಗಾಲಿ ಇದ್ದೇ ಇರುತ್ತದೆ, ಮೆಕ್ಕೆಜೋಳದ್ದು. ಅದರ ಜೊತೆ ಮ್ಚಿಚಾ. ಅದು ನಮ್ಮ ದಂಟಿನ ಸೊಪ್ಪೇ, ಈರುಳ್ಳಿ ಟೊಮೆಟೊ ಹಾಕಿ ಬಾಡಿಸಿದ್ದು. ಮೆಕ್ಕೆಜೋಳದ ಕಾಳು, ಬೀನ್ಸ್ ಕಾಳು ಒಟ್ಟಿಗೆ ಬೇಯಿಸಿದ ಮಕಾಂಡೆ. ಬಾಳೆಕಾಯಿ ಮತ್ತು ಕಾಳು ಸೇರಿಸಿ ಬೇಯಿಸಿ ಮಸೆದ ಕಿಬುರು. ಬೆಳಿಗ್ಗೆ ಉಜಿ, ಅಂದರೆ ಗಂಜಿ, ಇಲ್ಲವೇ ಶುಂಠಿ ಹಾಕಿದ ಚಹಾ ಮತ್ತು ಚಪಾತಿ. ಮಡಕೆಯಲ್ಲಿ ಹುಳಿ ಬಂದ ಹಾಲು, ಮ್ಟಿಂಡಿ. ಮಾಂಸ ಬೇಯಿಸಿದ ದಿನ ಅಮ್ಮ ನನಗಾಗಿ ಆ ಮ್ಟಿಂಡಿಯನ್ನು ಎತ್ತಿಡುತ್ತಿದ್ದರು, ಮನೆಯ ಯಾರಿಗೂ ಕೊಡದೆ. ಮರ್ಯಾದೆ ಅನ್ನುವುದು ಮಾಂಸದಿಂದ ಮೊಸರಿಗೆ ಬಂತು, ಅಷ್ಟೇ.

ಒಂದು ದಿನ ಅಡುಗೆಮನೆಯ ಗೋಡೆಗೆ ನೇತುಹಾಕಿದ್ದ ಚೀಲದಲ್ಲಿ ರಾಗಿ ಸಿಕ್ಕಿತು. ಅಲ್ಲಿ ಅದನ್ನು ಉಲೇಝಿ ಅನ್ನುತ್ತಾರೆ. ತುಮಕೂರಿನ ಕಡೆಯವಳಿಗೆ ಕಣ್ಣು ಮುಚ್ಚಿ ಮುಟ್ಟಿದರೂ ಗೊತ್ತಾಗುವ ಕಾಳು. ರಾಗಿಯ ತವರು ಪೂರ್ವ ಆಫ್ರಿಕಾದ ಎತ್ತರದ ನೆಲವೇ, ಸಾವಿರಾರು ವರ್ಷ ಹಿಂದೆ ಅಲ್ಲಿಂದ ನಮ್ಮಲ್ಲಿಗೆ ಬಂದದ್ದು ಅಂತ ಪುಸ್ತಕದಲ್ಲಿ ಓದಿದ್ದೆ. ಕೈಯಲ್ಲಿ ಹಿಡಿದಾಗ ಬೇರೆಯೇ ಅನಿಸಿತು. ಆ ಮನೆಯಲ್ಲಿ ರಾಗಿಗೆ ಎರಡೇ ಕೆಲಸ. ಒಂದು ಮಕ್ಕಳ ಮತ್ತು ಬಾಣಂತಿಯರ ಗಂಜಿ. ಇನ್ನೊಂದು ಮ್ಬೆಗೆ, ಚಗ್ಗಾ ಜನರ ಬಾಳೆಹಣ್ಣಿನ ಮದ್ಯ. ಹಣ್ಣು ಬೇಯಿಸಿ ಹುದುಗಿಸಿ, ಮೊಳಕೆ ಬರಿಸಿದ ರಾಗಿಯನ್ನು ಬೀಸಿ ಕುದಿಸಿ ಅದಕ್ಕೆ ಸೇರಿಸುತ್ತಾರೆ, ಕಹಿಗೆ ಒಂದು ಮರದ ತೊಗಟೆ ಹಾಕುತ್ತಾರೆ.

ನಾನು ಮುದ್ದೆ ಮಾಡುತ್ತೇನೆ ಅಂದೆ. ಅಮ್ಮ ಪಕ್ಕದಲ್ಲಿ ನಿಂತು ನೋಡಿದರು. ಉಗಾಲಿಗೆ ಅವರು ಕುದಿಯುವ ನೀರಿಗೆ ಸ್ವಲ್ಪ ಹಿಟ್ಟು ಹಾಕಿ ಗಂಜಿ ಮಾಡಿಕೊಂಡು, ಆಮೇಲೆ ಸ್ವಲ್ಪ ಸ್ವಲ್ಪವೇ ಹಿಟ್ಟು ಸೇರಿಸುತ್ತಾ ಚಪ್ಪಟೆ ಮರದ ಕೈಯಿಂದ ಪಾತ್ರೆಯ ಗೋಡೆಗೆ ಒತ್ತಿ ಒತ್ತಿ ಮಗುಚುತ್ತಾರೆ. ನಾನು ಎಸರು ಕುದ್ದಮೇಲೆ ಹಿಟ್ಟನ್ನೆಲ್ಲ ಒಮ್ಮೆಗೇ ಗುಡ್ಡೆ ಸುರಿದು, ಮುಟ್ಟದೆ ಬೇಯಲು ಬಿಟ್ಟಾಗ ಅವರಿಗೆ ತಡೆಯಲಾಗಲಿಲ್ಲ. ಕೆಟ್ಟೇ ಹೋಯಿತು ಅಂತ ಎರಡು ಸಲ ಕೈ ಮುಂದೆ ಮಾಡಿದರು. ಮುದ್ದೆ ಕೋಲು ಎಲ್ಲಿಂದ ತರಲಿ? ಕಾಫಿ ಗಿಡದ ಒಂದು ಗಟ್ಟಿ ರೆಂಬೆ ಕೆತ್ತಿಕೊಂಡಿದ್ದೆ. ಪಾತ್ರೆಯನ್ನು ಎರಡು ಕಾಲಿನ ನಡುವೆ ಅದುಮಿಕೊಂಡು ಗಂಟಿಲ್ಲದಂತೆ ತಿರುವಿ, ಕೈಗೆ ನೀರು ಸವರಿಕೊಂಡು ಮುದ್ದೆ ಕಟ್ಟಿದೆ. ದಂಟಿನ ಸೊಪ್ಪು, ಬೀನ್ಸ್ ಕಾಳು ಬೇಯಿಸಿ ಬಸಿದ ನೀರಿಗೆ ಊರಿಂದ ತಂದಿದ್ದ ಸಾರಿನ ಪುಡಿ, ಬೆಳ್ಳುಳ್ಳಿ ಹಾಕಿ ಬಸ್ಸಾರು. ಮಕ್ಕಳು ಅಗಿದು ಅಗಿದು ಹಲ್ಲಿಗೆ ಅಂಟಿಸಿಕೊಂಡರು. ನುಂಗಬೇಕು ಅಂತ ತೋರಿಸಿದರೆ ಯಾರಿಗೂ ಧೈರ್ಯವಿಲ್ಲ. ಅಜ್ಜಿ ಮಾತ್ರ ಒಂದು ತುತ್ತು ಮುರಿದು, ಸಾರಲ್ಲಿ ಅದ್ದಿ, ಸಲೀಸಾಗಿ ನುಂಗಿದರು. ಇನ್ನೊಂದು ತುತ್ತು ಮುರಿದರು. ಪೂರ್ತಿ ಉಂಡರು. ಆಮೇಲೆ ವಾರಕ್ಕೊಮ್ಮೆ ಅಜ್ಜಿಗೂ ನನಗೂ ಮುದ್ದೆ, ಉಳಿದವರಿಗೆ ಉಗಾಲಿ.

ಈಗ ತಟ್ಟೆಯ ವಿಷಯ.

ತಾಂಜಾನಿಯಾದಲ್ಲಿ ಭಾರತೀಯರು ಹೊಸಬರಲ್ಲ. ಗುಜರಾತಿನ ಕಡೆಯ ವ್ಯಾಪಾರಿ ಕುಟುಂಬಗಳು ತಲೆಮಾರುಗಳಿಂದ ಅಲ್ಲಿವೆ. 1971ರಲ್ಲಿ ಸರ್ಕಾರ ಬಾಡಿಗೆ ಕಟ್ಟಡಗಳನ್ನು ವಶಪಡಿಸಿಕೊಂಡಾಗ ತುಂಬಾ ಜನ ಬಿಟ್ಟುಹೋದರು, ಆದರೂ ಮೋಶಿಯ ಪೇಟೆಬೀದಿಯಲ್ಲಿ ಇವತ್ತಿಗೂ ಅವರ ಅಂಗಡಿಗಳಿವೆ. ಹಾಗಾಗಿ ಭಾರತದವಳು ಅಂದರೆ ಹಳ್ಳಿಯವರಿಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂತವಳು. ನಿಮ್ಮ ಅಪ್ಪನ ಅಂಗಡಿ ಎಲ್ಲಿ ಅಂತ ನನ್ನನ್ನು ಕೇಳದವರಿಲ್ಲ. ನಮ್ಮಪ್ಪ ರಾಗಿ, ಕಡಲೆಕಾಯಿ ಬೆಳೆಯುವ ರೈತ ಅಂದರೆ ನಂಬುತ್ತಿರಲಿಲ್ಲ. ಯುರೋಪಿನ ಸ್ವಯಂಸೇವಕರನ್ನು ಅವರು ಪ್ರವಾಸಿಗಳ ಹಾಗೆ ಕುತೂಹಲದಿಂದ ನೋಡುತ್ತಾರೆ. ನಮ್ಮ ಬಗ್ಗೆ ಅವರಿಗೆ ಕುತೂಹಲವಿಲ್ಲ, ಅನುಭವವಿದೆ.

ಆ ಅನುಭವ ಎಂಥದ್ದು ಅಂತ ಗೊತ್ತಾದದ್ದು ಪಕ್ಕದ ಮನೆಯ ಹೆಂಗಸಿನಿಂದ. ಅಮ್ಮನ ಓರಗೆಯವರು, ಸಂಜೆ ಹುಲ್ಲಿನ ಹೊರೆ ಇಳಿಸಿ ನಮ್ಮ ಅಡುಗೆಮನೆಗೆ ಬಂದು ಕೂರುವುದು ರೂಢಿ. ನಾನು ಮಕ್ಕಳ ಜೊತೆ ಒಂದೇ ದೊಡ್ಡ ತಟ್ಟೆಯಲ್ಲಿ ಮಕಾಂಡೆ ತಿನ್ನುತ್ತಿದ್ದುದನ್ನು ಬಹಳ ಹೊತ್ತು ನೋಡಿ, ನೀನು ಇವರ ತಟ್ಟೆಯಲ್ಲೇ ತಿನ್ನುತ್ತೀಯಾ ಅಂತ ಕೇಳಿದರು. ಹೌದು ಅಂದೆ. ಆಗ ಹೇಳಿದರು: ಹುಡುಗಿಯಾಗಿದ್ದಾಗ ಪಟ್ಟಣದಲ್ಲಿ ಒಂದು ಭಾರತೀಯರ ಮನೆಯಲ್ಲಿ ಕೆಲಸಕ್ಕಿದ್ದೆ. ಮಕ್ಕಳನ್ನು ಎತ್ತಿ ಆಡಿಸಿದ್ದೇನೆ, ಅವರ ಬಟ್ಟೆ ಒಗೆದಿದ್ದೇನೆ, ಅವರ ರೊಟ್ಟಿಗೆ ಹಿಟ್ಟು ಕಲಸಿದ್ದೇನೆ. ಆದರೆ ನನ್ನ ತಟ್ಟೆ ಲೋಟ ಹಿತ್ತಲ ನಲ್ಲಿಯ ಹತ್ತಿರ ಬೇರೆ ಇರುತ್ತಿತ್ತು. ಸಿಟ್ಟಿನಿಂದ ಹೇಳಲಿಲ್ಲ. ಸಂಬಳ ಸರಿಯಾಗಿ ಕೊಡುತ್ತಿದ್ದರು ಅಂತಲೂ ಹೇಳಿದರು.

ನನಗೆ ತುತ್ತು ಇಳಿಯಲಿಲ್ಲ. ಏಕೆಂದರೆ ಆ ಲೋಟ ನಾನು ನೋಡಿದ ಲೋಟ. ನಮ್ಮ ಹಳ್ಳಿಯ ಮನೆಯಲ್ಲಿ ಹೊಲದ ಕೆಲಸಕ್ಕೆ ಬರುವವರ ಲೋಟಗಳು ಕೊಟ್ಟಿಗೆ ಗೋಡೆಯ ಗೂಡಿನಲ್ಲಿ ಇರುತ್ತಿದ್ದವು. ಅವರೇ ತೆಗೆದುಕೊಂಡು, ಅವರೇ ತೊಳೆದು, ಅಲ್ಲೇ ಮಗುಚಿ ಇಡಬೇಕು. ನಮ್ಮಜ್ಜಿ ಮೇಲಿನಿಂದ ಮಜ್ಜಿಗೆ ಎತ್ತಿ ಹುಯ್ಯುತ್ತಿದ್ದರು, ಪಾತ್ರೆ ತಾಗದ ಹಾಗೆ. ಇದನ್ನು ನಾನು ಆ ಹೆಂಗಸಿಗೆ ಹೇಳಿದೆ. ದೇಶದಲ್ಲೆಲ್ಲ ಆಡುವ ಸ್ವಾಹಿಲಿ ಭಾಷೆ ನನಗೆ ಆಗ ಅಷ್ಟಕ್ಕಷ್ಟೇ, ಆದರೂ ಲೋಟ, ಗೋಡೆ, ತೊಳೆ, ಮುಟ್ಟಬೇಡ ಅನ್ನುವಷ್ಟು ಬರುತ್ತಿತ್ತು. ಅವರೂ ನಿಮ್ಮ ಬಣ್ಣದವರೇ ಅಲ್ಲವಾ ಅಂತ ಕೇಳಿದರು. ಹೌದು, ನಮ್ಮ ಊರಿನವರೇ, ನಮ್ಮ ಭಾಷೆಯವರೇ ಅಂದೆ. ಅವರು ಅಮ್ಮನ ಕಡೆ ತಿರುಗಿ ಚಗ್ಗಾ ಭಾಷೆಯಲ್ಲಿ ಏನೋ ಕೇಳಿದರು, ಅಮ್ಮ ಏನೋ ಹೇಳಿದರು, ಅದು ನನಗೆ ತಿಳಿಯಲಿಲ್ಲ. ಆಮೇಲೆ ನನ್ನ ಮುಂದಿದ್ದ ತಟ್ಟೆಗೆ ಕೈ ಹಾಕಿ ಅವರೂ ತಿನ್ನಲು ಕೂತರು.

ನಮ್ಮಮ್ಮ ಊರಿಂದ ಹೊರಡುವಾಗ ಒಂದು ಸ್ಟೀಲ್ ತಟ್ಟೆ, ಒಂದು ಲೋಟ ಕಟ್ಟಿಕೊಟ್ಟಿದ್ದರು. ಮಾಂಸ ಬೇಯಿಸುವ ಮನೆ, ನಿನ್ನದು ಬೇರೆ ಇಟ್ಟುಕೋ ಅಂತ. ಅದು ಪೆಟ್ಟಿಗೆಯಲ್ಲೇ ಇತ್ತು. ಆ ರಾತ್ರಿ ತೆಗೆದು ಅಡುಗೆಮನೆಯ ಪಾತ್ರೆಗಳ ಜೊತೆ ಸೇರಿಸಿಬಿಟ್ಟೆ. ಯಾರ ಕೈಗೆ ಸಿಕ್ಕರೆ ಅವರದು. ಮುಂದಿನ ಭಾನುವಾರವೇ ಅಪ್ಪ ಅದರಲ್ಲಿ ಮಾಂಸ ಹಾಕಿದ ಬಾಳೆಕಾಯಿ ಉಂಡರು. ಮಾಂಸ ತಿನ್ನದಿರುವುದು ನನ್ನ ಬಾಯಿಯ ವಿಷಯ. ತಟ್ಟೆ ಮುಟ್ಟಿಸದಿರುವುದು ಎದುರಿಗಿರುವವರ ಬಗ್ಗೆ ನಾನು ಹೇಳುವ ಮಾತು. ಇವೆರಡನ್ನೂ ನಮ್ಮಲ್ಲಿ ಒಂದೇ ಗಂಟಿನಲ್ಲಿ ಕಟ್ಟಿಟ್ಟಿದ್ದಾರೆ, ಬಿಚ್ಚಿ ಬೇರೆ ಮಾಡಲು ಆಗುತ್ತದೆ. ಫೋನಿನಲ್ಲಿ ನಮ್ಮಮ್ಮನಿಗೂ ಹೇಳಿದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, ಚೆನ್ನಾಗಿ ತೊಳೀತಾರಲ್ವಾ ಅಂದರು. ತೊಳೀತಾರಮ್ಮ ಅಂದೆ. ಮತ್ತೇನು ಬಿಡು ಅಂದರು.

ಎಂಜಲಿನ ಪ್ರಶ್ನೆ ಇನ್ನೂ ಒಂದು ಕಡೆ ಬಂತು. ಮ್ಬೆಗೆ ಕುಡಿಯುವುದು ಸೋರೆಬುರುಡೆಯಲ್ಲಿ, ಅದು ಕೈಯಿಂದ ಕೈಗೆ, ಬಾಯಿಂದ ಬಾಯಿಗೆ ಹೋಗುತ್ತದೆ. ಒಂದು ಮಗುವಿನ ನಾಮಕರಣದ ಕೂಟದಲ್ಲಿ ಹಿರಿಯರೊಬ್ಬರು ನನಗೂ ಕೊಟ್ಟರು. ಮದ್ಯ ಕುಡಿಯದವರು ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಟಿಗೆ ತಾಗಿಸಿ ಮುಂದಿನವರಿಗೆ ದಾಟಿಸಿದರೆ ಸಾಕು ಅಂತ ಅಮ್ಮ ಮೊದಲೇ ಹೇಳಿಕೊಟ್ಟಿದ್ದರು. ಹಾಗೇ ಮಾಡಿದೆ. ಹುಳಿ, ಕಹಿ, ಹಿಂದೆಯೇ ಮೊಳಕೆ ರಾಗಿಯ ಸಿಹಿ ವಾಸನೆ.

ಸಣ್ಣಪುಟ್ಟ ರೀತಿನೀತಿಗಳನ್ನು ಬೇಗ ಹೇಳಿ ಮುಗಿಸುತ್ತೇನೆ, ಅವು ನಮ್ಮವರಿಗೆ ಕಷ್ಟವಲ್ಲ. ಹಿರಿಯರಿಗೆ ಶಿಕಾಮೋ ಅನ್ನಬೇಕು, ಅವರು ಮರಹಬಾ ಅನ್ನುತ್ತಾರೆ. ಕಿರಿಯರೇ ಮೊದಲು ಹೇಳಬೇಕು, ಮರೆತರೆ ಗಮನಿಸುತ್ತಾರೆ. ಬೇರೆಯವರ ಅಂಗಳಕ್ಕೆ ಕಾಲಿಡುವ ಮುಂಚೆ ಹೋಡಿ ಅಂತ ಕೂಗಿ, ಕರಿಬು ಅಂತ ಉತ್ತರ ಬರುವವರೆಗೆ ನಿಲ್ಲಬೇಕು. ದಾರಿಯಲ್ಲಿ ಸಿಕ್ಕವರ ಜೊತೆ ಮನೆ, ಮಕ್ಕಳು, ಹಸು, ಕೆಲಸ ಎಲ್ಲ ವಿಚಾರಿಸಿಯೇ ಮುಂದೆ ಹೋಗುವುದು. ಹಾಗಾಗಿ ಶಾಲೆಗೆ ಬೇಗ ಹೊರಡಬೇಕು. ಗಂಟೆ ಹೇಳುವ ಲೆಕ್ಕ ಬೇರೆ. ಬೆಳಗಾದ ಮೇಲಿನ ಎಣಿಕೆ, ನಮ್ಮ ಏಳು ಗಂಟೆ ಅವರ ಒಂದು ಗಂಟೆ, ನಮ್ಮ ಹತ್ತು ಅವರ ನಾಲ್ಕು. ಯಾರಾದರೂ ಸ್ವಾಹಿಲಿಯಲ್ಲಿ ಸಮಯ ಹೇಳಿದರೆ ಆರು ಗಂಟೆ ಕೂಡಿಸಿ ಅಥವಾ ಕಳೆದು ನೋಡಿ. ಊಟಕ್ಕೆ ಮೊದಲು ಒಬ್ಬರು ಜಗ್ ಹಿಡಿದು ಎಲ್ಲರ ಕೈಗೂ ನೀರು ಹಾಕುತ್ತಾರೆ, ಕೆಳಗೆ ಬೇಸನ್. ಈ ಜಗ್ ಹಿಡಿಯುವ ಕೆಲಸವನ್ನು ನಾನು ಮೊದಲ ವಾರದಲ್ಲೇ ಕೇಳಿ ತೆಗೆದುಕೊಂಡೆ. ಬಕೆಟ್ ಸ್ನಾನ, ಕುಕ್ಕರುಗಾಲಲ್ಲಿ ಕೂರುವ ಪಾಯಿಖಾನೆ, ಬಲಗೈ ಊಟ ಇದೆಲ್ಲ ಹಳ್ಳಿಯಲ್ಲಿ ಬೆಳೆದವರಿಗೆ ಹೇಳುವಂಥದ್ದೇನಲ್ಲ.

ದುಡ್ಡಿನ ವಿಷಯ ಮಾತ್ರ ನಿಧಾನವಾಗಿ ಹೇಳಬೇಕು. ಮಾರ್ಚ್‌ನಿಂದ ಮೇವರೆಗೆ ಅಲ್ಲಿ ದೊಡ್ಡ ಮಳೆಗಾಲ. ಆಗ ಬೆಟ್ಟ ಹತ್ತುವವರು ಕಡಿಮೆ. ಅಪ್ಪನಿಗೆ ಕೆಲಸವಿಲ್ಲ. ರಸ್ತೆ ಕೆಸರಾಗಿ ಬೋಡಾಬೋಡಾ ಅನ್ನುವ ಬಾಡಿಗೆ ಬೈಕಿನವರು ಮೇಲೆ ಬರಲು ಒಪ್ಪುವುದಿಲ್ಲ. ಕಾಫಿ ಕೊಯ್ಲು ಇನ್ನೂ ದೂರ. ಆ ತಿಂಗಳುಗಳಲ್ಲಿ ಮನೆ ಹೇಗೆ ನಡೆಯುತ್ತದೆ ಅಂತ ನನಗೆ ಗೊತ್ತಾದದ್ದು ಸಕ್ಕರೆಯಿಂದ. ಬೆಳಿಗ್ಗೆ ಎಲ್ಲರೂ ಸಪ್ಪೆ ಉಜಿ ಕುಡಿಯುತ್ತಿದ್ದರು, ನನ್ನ ಮುಂದೆ ಮಾತ್ರ ಸಕ್ಕರೆ ಹಾಕಿದ ಹಾಲಿನ ಚಹಾ. ಪುಟ್ಟ ಹುಡುಗಿ ನನ್ನ ಕಪ್ಪಿನ ಕಡೆ ನೋಡುತ್ತಿದ್ದಳು, ಅಮ್ಮ ಕಣ್ಣಲ್ಲೇ ಗದರುತ್ತಿದ್ದರು. ನೆಂಟರನ್ನು ಇಟ್ಟುಕೊಂಡ ಮನೆಯ ಒಳ್ಳೆಯತನಕ್ಕೆ ಯಾರು ಬೆಲೆ ಕೊಡುತ್ತಾರೆ ಅನ್ನುವುದು ಆ ಕಪ್ಪಿನಲ್ಲಿ ಕಾಣುತ್ತಿತ್ತು.

ನನ್ನನ್ನು ಕಳಿಸಿದವರು ಕೊಡುತ್ತಿದ್ದ ಹಣ ವರ್ಷವಿಡೀ ಒಂದೇ ಸಮ, ಮನೆಯ ಕಷ್ಟ ಒಂದೇ ಸಮ ಇಲ್ಲ. ಅಮ್ಮನ ಜೊತೆ ಒಬ್ಬಳೇ ಕೂತು, ಈ ತಿಂಗಳು ಏನೇನು ಮುಗಿದಿದೆ ಹೇಳಿ, ನಾನು ಮನೆಯವಳಾದರೆ ನನಗೂ ಲೆಕ್ಕ ಗೊತ್ತಿರಬೇಕು ಅಂದೆ. ಮೊದಲು ಹೇಳಲಿಲ್ಲ. ನಮ್ಮಮ್ಮ ಊರಲ್ಲಿ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಾರೆ ಅಂದಮೇಲೆ ಮಾತು ತೆರೆಯಿತು, ಏಕೆಂದರೆ ಅಮ್ಮನೂ ಅಲ್ಲಿನ ವಿಕೋಬಾದಲ್ಲಿ ಇದ್ದರು. ವಿಕೋಬಾ ಅಂದರೆ ಹಳ್ಳಿಯವರು ಸೇರಿ ನಡೆಸುವ ಉಳಿತಾಯ-ಸಾಲದ ಗುಂಪು. ವಾರಕ್ಕೊಮ್ಮೆ ಸೇರಿ ಪಾಲಿನ ಹಣ ಕಟ್ಟುತ್ತಾರೆ, ತಡವಾಗಿ ಬಂದವರಿಗೆ ದಂಡ, ಹಣದ ಪೆಟ್ಟಿಗೆಗೆ ಮೂರು ಬೀಗ, ಮೂರು ಬೀಗದ ಕೈ ಮೂವರ ಹತ್ತಿರ. ಒಬ್ಬರು ಬರದಿದ್ದರೆ ಪೆಟ್ಟಿಗೆ ತೆರೆಯುವುದಿಲ್ಲ. ನಮ್ಮಮ್ಮನ ಸಂಘದಲ್ಲಿ ಬ್ಯಾಂಕ್ ಪಾಸ್‌ಬುಕ್ ಇದೆ ಅಂದರೆ, ಬ್ಯಾಂಕಿನವರು ನಿಮ್ಮ ಹಳ್ಳಿಗೆ ಬರುತ್ತಾರಾ ಅಂತ ಅಮ್ಮನಿಗೆ ಆಶ್ಚರ್ಯ. ಅವರ ಸಭೆಗೆ ನನ್ನನ್ನೂ ಕರೆದುಕೊಂಡು ಹೋದರು.

ಆಮೇಲೆ ಹೀಗೆ ಮಾಡಿದೆ. ಕರೆಂಟ್ ಅಲ್ಲಿ ಮುಂಗಡ ಪಾವತಿ, ಲುಕು ಅನ್ನುತ್ತಾರೆ. ಮೊಬೈಲಿನಿಂದ ಹಣ ಕಟ್ಟಿದರೆ 20 ಅಂಕಿಗಳ ಸಂಖ್ಯೆ ಬರುತ್ತದೆ, ಅದನ್ನು ಮೀಟರಿಗೆ ಒತ್ತಬೇಕು. ಮಳೆಗಾಲದ ಲುಕು ನನ್ನದು ಅಂತ ಮಾತಾಯಿತು. ಸಕ್ಕರೆ, ಅಕ್ಕಿ, ಬಟ್ಟೆ ಸೋಪು ಶನಿವಾರ ಪೇಟೆಯಿಂದ ನಾನು ತರುವುದು. ಆದರೆ ಚೀಲ ಹೊತ್ತು ಎಲ್ಲರ ಎದುರು ಮನೆಗೆ ಬರುತ್ತಿರಲಿಲ್ಲ. ಅಮ್ಮನ ಜೊತೆ ಹೋಗಿ, ಅವರು ಆರಿಸಿ, ಅವರ ಕೈಯಲ್ಲೇ ಮನೆಗೆ ಬರುವ ಹಾಗೆ ನೋಡಿಕೊಂಡೆ. ಕೆಲಸವಿಲ್ಲದೆ ಕೂತ ಅಪ್ಪನ ಮುಂದೆ ಪಾಠ ಹೇಳಲು ಬಂದ ಹುಡುಗಿ ಸಕ್ಕರೆ ತಂದು ಸುರಿಯುವುದು ಸರಿಯಲ್ಲ. ಮತ್ತೆ ನನ್ನ ಚಹಾ ಬಿಟ್ಟೆ. ಎಲ್ಲರಿಗೂ ಸಕ್ಕರೆ ಇದ್ದ ದಿನ ನನಗೂ ಸಕ್ಕರೆ, ಇಲ್ಲದ ದಿನ ಸಪ್ಪೆ ಗಂಜಿ. ನೆಂಟರಮನೆಯಲ್ಲಿ ಕೊಟ್ಟದ್ದನ್ನು ತೆಗೆದುಕೊಳ್ಳಬೇಕು ಅನ್ನುವವರಿದ್ದಾರೆ. ವಾರದ ಮಟ್ಟಿಗೆ ಅದು ಸರಿ. ವರ್ಷದ ಮಟ್ಟಿಗೆ ಇರುವವರು ಲೆಕ್ಕ ಕೇಳಲೇಬೇಕು ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮನೆಯ ಹುಡುಗನಿಗೆ ಪಾಠ ಹೇಳಿದ್ದು ನನಗೆ ಅತ್ಯಂತ ಪ್ರೀತಿಯ ಕೆಲಸ. ತಾಂಜಾನಿಯಾದ ಸರ್ಕಾರಿ ಪ್ರೈಮರಿ ಶಾಲೆಯಲ್ಲಿ ಎಲ್ಲ ಪಾಠವೂ ಸ್ವಾಹಿಲಿಯಲ್ಲಿ. ಹೈಸ್ಕೂಲಿಗೆ ಕಾಲಿಟ್ಟ ಕೂಡಲೇ ಎಲ್ಲವೂ ಇಂಗ್ಲಿಷ್. ಪ್ರೈಮರಿಯಲ್ಲಿ ಮುಂದಿದ್ದ ಹುಡುಗ ಒಮ್ಮೆಲೇ ಮೂಕನಾಗಿದ್ದ. ನಾನು ಹತ್ತನೆಯವರೆಗೆ ಕನ್ನಡ ಮಾಧ್ಯಮ, ಪಿಯುಸಿ ಸೈನ್ಸಿಗೆ ಸೇರಿದಾಗ ಮೊದಲ ಆರು ತಿಂಗಳು ಲೆಕ್ಚರರ್ ಏನು ಹೇಳುತ್ತಾರೆ ಅಂತಲೇ ತಿಳಿಯದೆ ಹಾಸ್ಟೆಲಿನಲ್ಲಿ ಅತ್ತವಳು. ಅವನ ಮುಖ ನೋಡಿದರೆ ಸಾಕಿತ್ತು. ರಾತ್ರಿ ಊಟವಾದ ಮೇಲೆ ಅವನು ಒಂದು ಲೆಕ್ಕವನ್ನು ಮೊದಲು ನನಗೆ ಸ್ವಾಹಿಲಿಯಲ್ಲಿ ವಿವರಿಸಬೇಕು. ಆಮೇಲೆ ಇಬ್ಬರೂ ಸೇರಿ ಅದನ್ನೇ ಇಂಗ್ಲಿಷಿನಲ್ಲಿ ಬರೆಯುವುದು, ನೋಟ್‌ಬುಕ್ಕಿನ ಎಡಕ್ಕೆ ಒಂದು, ಬಲಕ್ಕೆ ಒಂದು. ಅವನಿಗೆ ಇಂಗ್ಲಿಷ್ ಬಂತು, ನನಗೆ ಸ್ವಾಹಿಲಿ ಬಂತು. ವರ್ಷದ ಕೊನೆಯ ಪರೀಕ್ಷೆಯಲ್ಲಿ ಗಣಿತದಲ್ಲಿ ಚೆನ್ನಾಗಿ ಮಾಡಿದ, ಇತಿಹಾಸದಲ್ಲಿ ಇನ್ನೂ ತಡವರಿಸುತ್ತಿದ್ದ. ಬುದ್ಧಿವಂತ ಮಕ್ಕಳನ್ನು ಭಾಷೆಯ ಹೊಸ್ತಿಲಲ್ಲಿ ಹೀಗೆ ಎಡವಿಸುವ ಪದ್ಧತಿ ನಮ್ಮಲ್ಲೂ ಇದೆ, ಅವರಲ್ಲೂ ಇದೆ, ಎರಡೂ ಕಡೆ ನನಗೆ ಹೊಟ್ಟೆ ಉರಿಯುತ್ತದೆ.

ಭಾನುವಾರ ಚರ್ಚ್. ಮರಂಗುವಿನಲ್ಲಿ ಲುಥೆರನ್ ಸಭೆಯವರು ಹೆಚ್ಚು, ಈ ಮನೆಯವರೂ ಅವರೇ. ನಿನ್ನದು ಯಾವ ಚರ್ಚ್ ಅಂತ ಅಜ್ಜಿ ಕೇಳಿದಾಗ ನಾನು ಹಿಂದೂ, ನಮ್ಮದು ದೇವಸ್ಥಾನ ಅಂದೆ. ಪ್ರಾರ್ಥನೆ ಮಾಡುತ್ತೀಯಾ? ಮಾಡುತ್ತೇನೆ. ಹಾಗಾದರೆ ಸರಿ, ಬಾ ಅಂದರು. ನಾನು ಹೋಗುತ್ತಿದ್ದೆ, ಹಾಡು ಕೇಳಲು, ಊರವರ ಮುಖ ಪರಿಚಯವಾಗಲು. ಪೂಜೆಯ ನಂತರ ಅಂಗಳದಲ್ಲಿ ಹರಾಜು ನಡೆಯುತ್ತದೆ. ಹಣ ಇಲ್ಲದವರು ಮೊಟ್ಟೆ, ಬಾಳೆಗೊನೆ, ಕೋಳಿ, ಬೆಣ್ಣೆಹಣ್ಣು ತಂದು ಕಾಣಿಕೆ ಕೊಟ್ಟಿರುತ್ತಾರೆ, ಅವನ್ನು ಕೂಗಿ ಮಾರುತ್ತಾರೆ. ಕೊಂಡವರು ಕೆಲವೊಮ್ಮೆ ಅದನ್ನೇ ಮತ್ತೆ ಕಾಣಿಕೆ ಕೊಡುತ್ತಾರೆ, ಮತ್ತೆ ಹರಾಜು. ನಾನು ಬೆಣ್ಣೆಹಣ್ಣಿನ ಬುಟ್ಟಿ ಕೊಂಡು ಅಜ್ಜಿಗೆ ಕೊಡುವುದು ವಾಡಿಕೆಯಾಯಿತು. ನನಗೆ ಅಂಗಡಿ ಇಲ್ಲ ಅನ್ನುವುದನ್ನು ಊರು ನಂಬಿದ್ದು ಆ ಹರಾಜಿನ ಅಂಗಳದಲ್ಲಿ, ನಾನು ಚಿಲ್ಲರೆ ಎಣಿಸಿ ಎಣಿಸಿ ಕೂಗುತ್ತಿದ್ದುದನ್ನು ನೋಡಿ.

ಡಿಸೆಂಬರ್ ಬಂದಾಗ ಆ ಬೆಟ್ಟವೇ ಬದಲಾಗುತ್ತದೆ. ಚಗ್ಗಾ ಜನ ದೇಶದ ಯಾವ ಮೂಲೆಯಲ್ಲಿದ್ದರೂ ಕ್ರಿಸ್‌ಮಸ್ಸಿಗೆ ಮನೆಗೆ ಬರುತ್ತಾರೆ. ದಾರ್ ಎಸ್ ಸಲಾಮ್‌ನಿಂದ ಬರುವ ಬಸ್ಸುಗಳಿಗೆ ಟಿಕೆಟ್ ಸಿಗುವುದಿಲ್ಲ, ವರ್ಷವಿಡೀ ಬಾಗಿಲು ಮುಚ್ಚಿದ್ದ ಮನೆಗಳಲ್ಲಿ ದೀಪ. ನಮ್ಮ ಮನೆಗೂ ಹಿರಿಮಗಳು, ಚಿಕ್ಕಪ್ಪಂದಿರು, ಅತ್ತೆಯರು, ಲೆಕ್ಕವಿಲ್ಲದಷ್ಟು ಮಕ್ಕಳು ಬಂದರು. ಹಾಲ್ ತುಂಬಾ ಹಾಸಿಗೆ. ನನ್ನ ಕೋಣೆಯನ್ನು ಹಿರಿಮಗಳಿಗೆ ಬಿಟ್ಟು ನಾನು ಅಜ್ಜಿಯ ಮಂಚಕ್ಕೆ ಹೋದೆ. ನೀವು ಹೋಗುವವರಾದರೆ ಈ ತಿಂಗಳಲ್ಲಿ ಪ್ರವಾಸ ಇಟ್ಟುಕೊಂಡು ಮನೆ ಬಿಡಬೇಡಿ. ಜಾಗ ಸಾಲದು, ನಾವು ಯಾಕೆ ಅಡ್ಡ ಅಂತ ಅನಿಸುತ್ತದೆ. ಆದರೆ ಆ ಮನೆ ಪೂರ್ತಿಯಾಗಿ ಕಾಣುವುದು ಆಗಲೇ. ತೋಟದ ಗಡಿಯ ಜಗಳ, ಯಾರ ಮದುವೆ, ಯಾರ ಫೀಸು ಯಾರು ಕಟ್ಟಬೇಕು, ಎಲ್ಲ ತೀರ್ಮಾನವಾಗುವುದು ಆ ದಿನಗಳಲ್ಲಿ.

ಕ್ರಿಸ್‌ಮಸ್ಸಿನ ಮರುದಿನ ಗಂಡಸರು ತೋಟದಲ್ಲಿ ಬಾಳೆಎಲೆ ಹಾಸಿ ಮೇಕೆ ಕೊಯ್ದರು. ಚಗ್ಗಾ ಮನೆಗಳಲ್ಲಿ ಪಾಲು ಹಂಚುವುದಕ್ಕೆ ಕ್ರಮವಿದೆ. ಯಾವ ಸಂಬಂಧದವರಿಗೆ ಯಾವ ಭಾಗ ಅನ್ನುವುದು ಹಿರಿಯರಿಗೆ ಗೊತ್ತು, ತಪ್ಪಿದರೆ ಮಾತು ಬರುತ್ತದೆ. ದೊಡ್ಡ ಚಿಕ್ಕಪ್ಪ ಹಂಚುತ್ತಿದ್ದರು. ಹೆಣ್ಣುಮಕ್ಕಳ ಪಾಲು ಕೊಡುವಾಗ ಹಿರಿಮಗಳಿಗೆ, ಪುಟ್ಟವಳಿಗೆ ಕೊಟ್ಟು, ಆಮೇಲೆ ನನ್ನ ಕಡೆಗೂ ಒಂದು ಎಲೆ ಚಾಚಿದರು. ಅವಳು ತಿನ್ನುವುದಿಲ್ಲ ಅಂತ ಮಕ್ಕಳೆಲ್ಲ ಕೂಗಿದರು. ತಿನ್ನುವುದು ಬಿಡುವುದು ಅವಳಿಷ್ಟ, ಪಾಲು ಪಾಲೇ ಅಂದರು ಚಿಕ್ಕಪ್ಪ. ನಾನು ಎರಡೂ ಕೈ ಚಾಚಿ ತೆಗೆದುಕೊಂಡೆ. ಜೀವಮಾನದಲ್ಲಿ ಮೊದಲ ಸಲ ಹಸಿ ಮಾಂಸ ಕೈಯಲ್ಲಿ ಹಿಡಿದದ್ದು, ಇನ್ನೂ ಬಿಸಿ ಇತ್ತು. ಯಾರಿಗೆ ಕೊಡಲಿ ಅಂತ ಅಮ್ಮನನ್ನು ಕೇಳಿದೆ. ನಿನ್ನ ಪಾಲು, ನೀನೇ ನೋಡಿಕೋ ಅಂದರು. ನಾನು ಬೇಲಿ ದಾಟಿ ಪಕ್ಕದ ಮನೆಯ ಅಂಗಳದಲ್ಲಿ ನಿಂತು ಹೋಡಿ ಅಂತ ಕೂಗಿದೆ. ಆ ಹೆಂಗಸು ಹೊರಗೆ ಬಂದು, ಎಲೆಯ ಮೇಲಿದ್ದದ್ದನ್ನು ನೋಡಿ, ಇದು ಮನೆಯ ಮಗಳ ಭಾಗವಲ್ಲವಾ ಅಂದು, ಒಳಗೆ ಹೋಗಿ ಪಾತ್ರೆ ತಂದರು. ಬದಲಿಗೆ ನನ್ನ ಕೈಗೆ ಒಂದು ಸೇರು ರಾಗಿ ಹಾಕಿದರು, ಅಜ್ಜಿಗೂ ನಿನಗೂ ಮುದ್ದೆಗೆ ಅಂತ. ಜನವರಿಯಲ್ಲಿ ನಾನು ಹೊರಡುವವರೆಗೆ ಅದು ಸಾಕಾಯಿತು.